ಒಂಬತ್ತು-ಏಳರ ಯಂತ್ರ

ಲಾಸ್ ವೇಗಸ್
14 ಜನವರಿ 1996

ಆರ್ಡಿತ್,

ಹಲ್ಲು ಕಟ್ಟಿಸಿಕೊಳ್ಳಲು ಹೋದವಳು ಮೂರು ವಾರದಲ್ಲಿ ಬಂದುಬಿಡುತ್ತೇನೆ ಎಂದಿದ್ದೆ. ಹೋಗಿ ತಿಂಗಳ ಮೇಲಾಯಿತು. ಮನುಷ್ಯರ ಬಾಯಲ್ಲಿ ಮೂವತ್ತೆರಡೇ ಹಲ್ಲಲ್ಲವೇ ಇರುವುದು? ಅಥವಾ ಆ ಕೋಸ್ಟಾ ರಿಕಾದ ವೈದ್ಯ ನಿನಗೆ ಪ್ರೀತಿಯಿಂದ ಇನ್ನೂ ನಾಲ್ಕು ಜಾಸ್ತಿ ಕೂರಿಸುತ್ತಿದ್ದಾನೋ?

ನಿನ್ನ ಕೋಣೆಗೆ ಬಣ್ಣ ಹೊಡೆಸಿದ್ದಾಯಿತು. ನೀನು ಹೇಳಿದ ತೆಳು ಹಳದಿಯೇ. ಕಿಟಕಿಗೆ ದಪ್ಪ ಪರದೆ ಹಾಕಿಸಿದ್ದೇನೆ, ಬೇಸಿಗೆಯಲ್ಲಿ ಆ ಗೋಡೆ ಕಾದ ಬಾಣಲೆಯಾಗುತ್ತದೆ. ಚಕ್ರದ ಮೇಲಿನ ನಿನ್ನ ಟ್ರೈಲರ್ ಮನೆ ನಿಂತಿದ್ದ ಜಾಗವನ್ನು ಮೊನ್ನೆ ಬುಲ್ಡೋಜರ್ ತಂದು ಸಪಾಟು ಮಾಡಿದರು. ಕಾರು ನಿಲ್ಲಿಸುವ ಮೈದಾನವಾಗುತ್ತದಂತೆ. ಜಾಗ ಬಿಡಿಸಿದ್ದಕ್ಕೆ ಅವರು ಕೊಟ್ಟ ಪರಿಹಾರದ ದುಡ್ಡನ್ನು ಬ್ಯಾಂಕಿನಿಂದ ಅಲುಗಾಡಿಸಬೇಡ. ನಿನಗೆ ಈಗ ಈ ಭೂಮಿಯ ಮೇಲೆ ಇರುವುದು ಆ ದುಡ್ಡು ಮತ್ತು ನನ್ನ ಮನೆಯ ಹಿಂದಿನ ಕೋಣೆ, ಎರಡೇ.

ಬೆಳಗ್ಗೆ ಎಂದಿನಂತೆ ಬೋಲ್ಡರ್ ರಸ್ತೆಯ ನಮ್ಮ ಕ್ಯಾಸಿನೊಗೆ ಹೋಗುತ್ತೇನೆ. ನಿನ್ನ ಸ್ಟೂಲಿನ ಮೇಲೆ ನನ್ನ ಕೈಚೀಲ ಇಟ್ಟು ಕಾಯುತ್ತಿದ್ದೆ. ಎಷ್ಟು ದಿನ ಅಂತ ಕಾಯಲಿ? ಈಗ ಆ ಮುದಿ ಡೆಲ್ಮರ್ ಅಲ್ಲಿ ಕೂರುತ್ತಾನೆ. ಬಂದವನೇ ಕೇಳಿದ, "ಏನ್ ವೆರ್ಲಾ, ನಿನ್ ಜೋಡಿ ಓಡಿಹೋದ್ಲಂತೆ?" ನಿನ್ನೆ ಪೋಕರ್ ಯಂತ್ರ ಪರದೆಯ ಮೇಲೆ ಹಾಕಿದ ಐದೆಲೆಯಲ್ಲಿ ನಾಲ್ಕು ಆಟೀನ್. ನಾಲ್ಕನ್ನೂ ಹಿಡಿದುಕೊಂಡು, ಒಂದನ್ನು ಬಿಟ್ಟು ಗುಂಡಿ ಒತ್ತಿದೆ. ಬಂದದ್ದು ಆಟೀನ್ ರಾಣಿ, ಐದೂ ಒಂದೇ ಜಾತಿ! "ನೋಡೇ" ಎಂದು ಪಕ್ಕಕ್ಕೆ ತಿರುಗಿದರೆ ಡೆಲ್ಮರ್ ನನ್ನ ಮುಖಕ್ಕೆ ಚುಟ್ಟದ ಹೊಗೆ ಬಿಟ್ಟ. ಹದಿನಾಲ್ಕು ವರ್ಷ ಆ ಜಾಗದಲ್ಲಿ ನಿನ್ನ ಮುಖ ನೋಡಿ ಅಭ್ಯಾಸವಾಗಿದೆ ನನಗೆ.

ಯಾವತ್ತು ಬರುತ್ತೀ ಅಂತ ಬರೆ. ವಿಮಾನ ನಿಲ್ದಾಣಕ್ಕೆ ಬರುತ್ತೇನೆ.

ನಿನ್ನ
ವೆರ್ಲಾ


ಸಾನ್ ಹೊಸೆ, ಕೋಸ್ಟಾ ರಿಕಾ
2 ಫೆಬ್ರವರಿ 1996

ವೆರ್ಲಾ ಮಾರಾಯ್ತಿ,

ಕೂತಿದ್ದೀಯಾ? ಕೂತುಕೊಂಡು ಓದು.

ನಮ್ಮ ಜನದ ಚಟ ನಿನಗೆ ಗೊತ್ತಿಲ್ಲದ್ದೇನು. ಪರದೇಶಕ್ಕೆ ಹೋದವರು ಚರ್ಚು ನೋಡುತ್ತಾರೆ, ಜ್ವಾಲಾಮುಖಿ ನೋಡುತ್ತಾರೆ, ನಾವು ಪೋಕರ್ ಯಂತ್ರದ ಗಾಜು ನೋಡುತ್ತೇವೆ. ಬಾಯಿ ಊದಿಸಿಕೊಂಡೇ ಇಲ್ಲಿನ ಹೋಟೆಲುಗಳನ್ನೆಲ್ಲ ಸುತ್ತಿದೆ. ಶೌಚಾಲಯ ಹುಡುಕುವವಳಂತೆ ಒಳಗೆ ಹೋಗುವುದು, ಗೆದ್ದರೆ ನಾಣ್ಯಕ್ಕೆ ಎಷ್ಟು ಕೊಡುತ್ತದೆ ಎಂದು ಗಾಜಿನ ಮೇಲೆ ಬರೆದ ಎರಡು ಅಂಕಿ ಓದುವುದು, ಹೊರಗೆ ಬರುವುದು. ಫುಲ್ ಹೌಸಿಗೆ ಎಂಟು, ಫ್ಲಶ್ಶಿಗೆ ಐದು. ಇನ್ನೊಂದು ಕಡೆ ಏಳು, ಐದು. ಮತ್ತೊಂದು ಕಡೆ ಆರು, ಐದು. ಅಲ್ಲಿ ಆಡುತ್ತಿದ್ದ ಜರ್ಮನಿಯವನನ್ನು ನೋಡಿ ಅಳು ಬಂತು. ನಮ್ಮ ಒಂಬತ್ತು-ಆರು ಇಲ್ಲಿ ಎಲ್ಲೂ ಇಲ್ಲ ಅಂತ ಕೈಬಿಟ್ಟಿದ್ದೆ.

ಆಮೇಲೆ ಒಂದು ಸಣ್ಣ ಹೋಟೆಲು. ಮೆಟ್ಟಿಲ ಕೆಳಗೆ ನಾಲ್ಕೇ ಯಂತ್ರ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದೆ. ಒಂದೇ ಅಂಕಿಯ ಮೂರೆಲೆ, ಜೊತೆಗೊಂದು ಜೋಡಿ ಸೇರಿದ ಫುಲ್ ಹೌಸಿಗೆ ಒಂಬತ್ತು. ಐದೂ ಒಂದೇ ಜಾತಿಯ ಎಲೆ ಬಂದರೆ, ಆರಲ್ಲ, ಏಳು.

ಒಂಬತ್ತು-ಏಳು ಕಣೇ. ನಾವು ಇಷ್ಟು ವರ್ಷ ವೇಗಸ್ಸಿನಲ್ಲಿ ಕಾಣದ್ದು. ತಪ್ಪಿಲ್ಲದೆ ಆಡಿದರೆ ಹಾಕಿದ್ದಕ್ಕಿಂತ ಹೆಚ್ಚೇ ವಾಪಸು ಕೊಡಬೇಕಾದ ಯಂತ್ರ. ಯಾರೂ ಆಡುತ್ತಿಲ್ಲ. ಧೂಳು ಹಿಡಿದು ಕೂತಿದೆ.

ಹೋಟೆಲಿನ ಹೆಸರು ಬರೆಯುವುದಿಲ್ಲ, ಬೇಜಾರು ಮಾಡಿಕೊಳ್ಳಬೇಡ. ಒಳ್ಳೆಯ ಯಂತ್ರ ಎಲ್ಲಿದೆ ಅಂತ ಕಾಗದದ ಮೇಲೆ ಬರೆಯಬಾರದು ಎಂದು ನನಗೆ ಕಲಿಸಿದವಳೇ ನೀನು. ಒಬ್ಬರಿಗೆ ತಿಳಿದರೆ ಹತ್ತು ಜನ ಬರುತ್ತಾರೆ, ಮಾಲೀಕ ಮಾರನೆಯ ದಿನವೇ ಎತ್ತಿಸುತ್ತಾನೆ.

ನಾನು ಇಳಿದುಕೊಂಡಿರುವುದು ಸೊರಾಯ್ದಾ ಎಂಬ ವಿಧವೆಯ ಮನೆಯಲ್ಲಿ. ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾಳೆ. ಮೊದಲು ಟೆಲಿಫೋನ್ ಕಚೇರಿಯಲ್ಲಿ ವಿದೇಶದ ಕರೆ ಜೋಡಿಸುತ್ತಿದ್ದಳಂತೆ, ಇಂಗ್ಲಿಷ್ ನಮಗಿಂತ ಶುದ್ಧ. ಬೆಳಗ್ಗೆ ಕರಿ ಬೀನ್ಸ್ ಕಾಳಿನ ಅನ್ನ, ಬಟ್ಟೆಯಲ್ಲಿ ಸೋಸಿದ ಕಾಫಿ. ಮೊನ್ನೆ ಜೊತೆಗೆ ಕರೆದುಕೊಂಡು ಹೋದೆ. ಎಷ್ಟು ಬೇಗ ಕಲಿತಳು ಅಂತೀಯ. ಪಕ್ಕದ ಯಂತ್ರದಲ್ಲಿ ಕೂರುತ್ತಾಳೆ, ನಾನು ಎದ್ದು ಹೋದರೆ ನನ್ನ ನಾಣ್ಯದ ಲೋಟ ಕಾಯುತ್ತಾಳೆ. ಯಾವ ಎಲೆ ಹಿಡಿಯಬೇಕು, ಯಾವುದು ಬಿಡಬೇಕು ಅಂತ ನೀನು ಬಣ್ಣದ ಶಾಯಿಯಲ್ಲಿ ಬರೆದುಕೊಟ್ಟ ಚೀಟಿ ಇದೆಯಲ್ಲ, ಅಂಥದೇ ಒಂದು ಅವಳಿಗೂ ಬರೆದು ಕಳಿಸು. ಪ್ಲಾಸ್ಟಿಕ್ ಹಾಕಿಸಿ ಕಳಿಸು, ಇಲ್ಲಿ ತೇವ ಜಾಸ್ತಿ.

ಮಾರ್ಚ್ ಕೊನೆಗೆ ಬರುತ್ತೇನೆ.

ನಗುತ್ತಿರುವ, ಹೊಸ ಹಲ್ಲಿನ
ಆರ್ಡಿತ್


ಲಾಸ್ ವೇಗಸ್
17 ಫೆಬ್ರವರಿ 1996

ಆರ್ಡಿತ್,

ಚೀಟಿ ಇದರ ಜೊತೆಗಿದೆ. ಪ್ಲಾಸ್ಟಿಕ್ ಹಾಕಿಸಿದ್ದೇನೆ. ನಿನ್ನ ಯಂತ್ರ ಫ್ಲಶ್ಶಿಗೆ ಏಳು ಕೊಡುವುದಾದರೆ ಹಳೆಯ ಚೀಟಿಯ ಒಂದೆರಡು ಸಾಲು ಬದಲಾಗಬೇಕು. ಎರಡು ದಿನ ಕೂತು ಲೆಕ್ಕ ಹಾಕಿ ಬದಲಾಯಿಸಿದ್ದೇನೆ. ನಿನ್ನ ಗೆಳತಿಗೆ ಬಣ್ಣ ಹಿಡಿಸದಿದ್ದರೆ ಹೇಳು, ಬೇರೆ ಬಣ್ಣದಲ್ಲಿ ಬರೆದು ಕಳಿಸೋಣ. ನನಗೇನು ಬೇರೆ ಕೆಲಸವಿದೆಯೇ?

ನನಗೆ ಹೊಟ್ಟೆ ಉರಿಯುತ್ತಿದೆ, ಮುಚ್ಚಿಡುವುದಿಲ್ಲ. ಹೆಸರು ಕಾಗದದಲ್ಲಿ ಬರೆಯಬೇಡ ಎಂದು ಹೇಳಿಕೊಟ್ಟದ್ದು ನಾನೇ, ಹೌದು. ಊರಿನವರಿಗೆ ಬರೆಯಬೇಡ ಎಂದದ್ದು, ನನಗೆ ಬರೆಯಬೇಡ ಎಂದಲ್ಲ. ಹದಿನಾಲ್ಕು ವರ್ಷ ಪಕ್ಕದಲ್ಲಿ ಕೂತವಳಿಗೆ ಹೇಳಬಾರದು, ನಿನ್ನೆ ಮೊನ್ನೆ ಕಾಫಿ ಸೋಸಿಕೊಟ್ಟವಳನ್ನು ಕೈಹಿಡಿದು ಕರೆದುಕೊಂಡು ಹೋಗಬಹುದು. ಆಗಲಿ.

ಟೆಲಿಫೋನ್ ಕಚೇರಿಯಲ್ಲಿದ್ದವಳಿಗೆ ಬೇರೆಯವರ ಮಾತು ಕದ್ದು ಕೇಳುವ ಅಭ್ಯಾಸವಿರುತ್ತದೆ. ಲೋಟ ಅವಳ ಕೈಗೆ ಕೊಟ್ಟು ಹೋಗುವ ಮುಂಚೆ ನಾಣ್ಯ ಎಣಿಸಿಕೋ.

ನೀನು ಎದ್ದು ಹೋದಾಗ ನಾನು ನಿನ್ನ ಲೋಟವನ್ನು ನನ್ನ ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದೆ. ಅವಳು ಎಲ್ಲಿ ಇಟ್ಟುಕೊಳ್ಳುತ್ತಾಳೆ?

ಮಾರ್ಚ್ ಕೊನೆಗೆ ಅಂದಿದ್ದೀ. ಬರೆದಿಟ್ಟುಕೊಂಡಿದ್ದೇನೆ.

ವೆರ್ಲಾ


ಸಾನ್ ಹೊಸೆ
20 ಮಾರ್ಚ್ 1996

ವೆರ್ಲಾ,

ಸಿಟ್ಟು ಮಾಡಿಕೊಳ್ಳಬೇಡ, ಮಾರ್ಚ್ ಕೊನೆಗೆ ಆಗುವುದಿಲ್ಲ. ಇಂಥ ಯಂತ್ರ ಬಿಟ್ಟು ಯಾರಾದರೂ ಬರುತ್ತಾರೆಯೇ? ನೀನೇ ಆಗಿದ್ದರೆ ಬರುತ್ತಿದ್ದೆಯಾ?

ಚೀಟಿ ಸೊರಾಯ್ದಾಗೆ ತುಂಬ ಇಷ್ಟವಾಯಿತು. ಅಕ್ಷರ ನೋಡಿ, "ಈಯಮ್ಮ ಬಲು ಶಿಸ್ತಿನೋರು ಅಲ್ವಾ?" ಎಂದಳು. ನಾನು, "ಶಿಸ್ತಾ? ಸಾಯ್ಸಿಬಿಡ್ತಾಳೆ" ಎಂದೆ. ಇಬ್ಬರೂ ನಕ್ಕೆವು. ಲೋಟವನ್ನು ಅವಳು ಮೊಣಕಾಲ ಮಧ್ಯೆ ಇಟ್ಟುಕೊಳ್ಳುತ್ತಾಳೆ, ನೀನು ಕೇಳಿದ್ದಕ್ಕೆ ಹೇಳಿದೆ.

ಮೊದಲೆರಡು ವಾರ ಚೆನ್ನಾಗಿತ್ತು. ಈಗ ಸ್ವಲ್ಪ ಗ್ರಹಚಾರ ಕೆಟ್ಟಿದೆ. ನಾಲ್ಕು ಆಟೀನ್ ಹಿಡಿದರೆ ಐದನೆಯದು ಕಳಾವರ್. ನಾಲ್ಕು ಇಸ್ಪೀಟು ಹಿಡಿದರೆ ಬರುವುದು ಡೈಮನ್. ಎರಡು ಜೋಡಿ ಹಿಡಿದು ಕೂತರೆ ಕೂತೇ ಇರಬೇಕು, ಫುಲ್ ಹೌಸ್ ಮುಖ ತೋರಿಸುವುದಿಲ್ಲ. ದಿನವಿಡೀ ಹೀಗೆ. ಆದರೆ ಗಾಜು ನೋಡಿದರೆ ಧೈರ್ಯ ಬರುತ್ತದೆ. ಲೆಕ್ಕ ನಮ್ಮ ಕಡೆ ಇದೆ, ಎಷ್ಟು ಹೆಚ್ಚು ಆಡುತ್ತೇವೋ ಅಷ್ಟು ಬೇಗ ಸರಿಹೋಗುತ್ತದೆ. ಅದಕ್ಕೇ ಬ್ಯಾಂಕಿಗೆ ಬರೆದು ಪರಿಹಾರದ ದುಡ್ಡಿನಲ್ಲಿ ಒಂದು ಪಾಲು ಇಲ್ಲಿಗೆ ತರಿಸಿಕೊಂಡೆ. ಗಾಬರಿಯಾಗಬೇಡ.

ಆರ್ಡಿತ್


ಲಾಸ್ ವೇಗಸ್
4 ಏಪ್ರಿಲ್ 1996

ಆರ್ಡಿತ್,

ಇದನ್ನು ಒಮ್ಮೆ ನಗದೆ ಓದು.

ನಿನ್ನ ಪತ್ರ ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ನಾಲ್ಕು ಒಂದೇ ಜಾತಿಯ ಎಲೆ ಹಿಡಿದರೆ ಐದನೆಯದು ಐದು ಸಲಕ್ಕೆ ಹತ್ತಿರ ಹತ್ತಿರ ಒಂದು ಸಲ ಬರಲೇಬೇಕು. ಒಂದು ದಿನ ಬರದಿರಬಹುದು, ಒಂದು ವಾರ ಬರದಿರಬಹುದು. ತಿಂಗಳುಗಟ್ಟಲೆ ಬರುವುದಿಲ್ಲ ಎಂದರೆ ಅದು ಗ್ರಹಚಾರವಲ್ಲ, ಯಂತ್ರ ನಿನಗೆ ಕೊಡುತ್ತಿಲ್ಲ.

ನಾವು ನೆವಾಡಾದವರು ಗಾಜು ಓದಿದರೆ ಎಲ್ಲ ಓದಿದಂತೆ ಎಂದುಕೊಂಡಿದ್ದೇವೆ. ಯಾಕೆಂದರೆ ಇಲ್ಲಿ ಪರದೆಯ ಮೇಲೆ ಇಸ್ಪೀಟು ತೋರಿಸಿದರೆ ಒಳಗೂ ಕಲಸಿದ ಐವತ್ತೆರಡು ಎಲೆಯಷ್ಟೇ ನ್ಯಾಯವಾಗಿ ಬೀಳಬೇಕು, ಕಾನೂನಿದೆ. ಅಂಥ ಕಾನೂನಿಲ್ಲದ ಕಡೆ ಗಾಜಿನ ಮೇಲೆ ಏನು ಬೇಕಾದರೂ ಬರೆಯಬಹುದು. ಒಂಬತ್ತು-ಏಳು ಯಾಕೆ, ಹತ್ತು-ಹತ್ತು ಬರೆಯಲಿ. ಬಾರದ ಎಲೆಗೆ ಎಷ್ಟು ಕೊಟ್ಟರೇನು? ಇಷ್ಟು ಒಳ್ಳೆಯ ಯಂತ್ರ ಧೂಳು ಹಿಡಿದು ಯಾಕೆ ಕೂತಿತ್ತು ಅಂತ ಯೋಚಿಸಿದೆಯಾ?

ನನ್ನ ಮಾತು ನಂಬಬೇಡ, ನೀನೇ ಎಣಿಸು. ಎರಡೂ ಜೇಬಿನಲ್ಲಿ ಕಾಫಿ ಬೀಜ ಇಟ್ಟುಕೋ. ನಾಲ್ಕು ಒಂದೇ ಜಾತಿಯದು ಹಿಡಿದಾಗ ಐದನೆಯದು ಬಾರದಿದ್ದರೆ ಎಡ ಜೇಬಿನಿಂದ ಒಂದು ಬೀಜ ತೆಗೆದು ಲೋಟಕ್ಕೆ ಹಾಕು, ಬಂದರೆ ಬಲದಿಂದ ತೆಗೆದು ಚೀಲಕ್ಕೆ ಹಾಕು. ಒಂದು ತಿಂಗಳು ಮಾಡಿ, ಲೋಟದ್ದೆಷ್ಟು ಚೀಲದ್ದೆಷ್ಟು ನೋಡು.

ಡೆಲ್ಮರ್‌ಗೆ ಹೇಳಿದೆ. ಅವನು ನಕ್ಕ. "ಅವ್ಳು ಅಲ್ಲಿ ಮಜಾ ಮಾಡ್ತಾವ್ಳೆ, ನಿಂಗೆ ಉರೀತಾ ಐತೆ, ಅದ್ಕೆ ಮಷೀನಿನ ಮೇಲೆ ಹಾಕ್ತಿದೀಯ" ಎಂದ. ಉರಿಯುತ್ತಿರುವುದು ನಿಜ. ಯಂತ್ರ ಮೋಸ ಎನ್ನುವುದೂ ನಿಜ.

ದುಡ್ಡು ಇರುವಷ್ಟರಲ್ಲೇ ಬಾ.

ವೆರ್ಲಾ


ಸಾನ್ ಹೊಸೆ
22 ಏಪ್ರಿಲ್ 1996

ವೆರ್ಲಾ,

ನಿನ್ನ ಪತ್ರವನ್ನು ಊಟದ ಮೇಜಿನಲ್ಲಿ ಸೊರಾಯ್ದಾಗೆ ಗಟ್ಟಿಯಾಗಿ ಓದಿ ಹೇಳಿದೆ. ಕಾಫಿ ಬೀಜದ ಭಾಗ ಬಂದಾಗ ನಗು ತಡೆಯಲಾಗಲಿಲ್ಲ. ಆಮೇಲೆ ನಗು ನಿಂತಿತು.

ಹದಿನಾಲ್ಕು ವರ್ಷ ನೀನು ಹೇಳಿದಂತೆ ಕೇಳಿದೆ. ಆ ಎಲೆ ಹಿಡಿ ಅಂದರೆ ಹಿಡಿದೆ, ಬಿಡು ಅಂದರೆ ಬಿಟ್ಟೆ. ಒಂದು ತಪ್ಪು ಗುಂಡಿ ಒತ್ತಿದರೆ ಮಧ್ಯಾಹ್ನದವರೆಗೆ ನಿನ್ನ ನಿಟ್ಟುಸಿರು ಕೇಳಬೇಕು. ಬದುಕಿನಲ್ಲಿ ಒಂದೇ ಒಂದು ಸಲ ನಾನಾಗಿ ಒಂದು ಒಳ್ಳೆಯ ಯಂತ್ರ ಕಂಡುಹಿಡಿದೆ. ನೀನು ಹುಡುಕಿದ್ದಲ್ಲ, ನಾನು ಹುಡುಕಿದ್ದು. ಅದನ್ನು ನಿನಗೆ ನೋಡಲಾಗುತ್ತಿಲ್ಲ. ಡೆಲ್ಮರ್ ಸರಿಯಾಗಿ ಹೇಳಿದ್ದಾನೆ.

ಕೋಣೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡು. ನನ್ನ ಸಂತೋಷ ನೋಡಿ ನಿನಗೆ ಸಂತೋಷವಾಗುವ ದಿನ ಬಂದರೆ ಬರೆ. ಅಲ್ಲಿಯವರೆಗೆ ಬೇಡ.

ಆರ್ಡಿತ್


ಸಾನ್ ಹೊಸೆ
19 ಮೇ 1996

ಗೌರವಾನ್ವಿತ ವೆರ್ಲಾ ಅವರಿಗೆ,

ನಾನು ಸೊರಾಯ್ದಾ. ಚೀಟಿ ಬಂದ ಲಕೋಟೆಯ ಮೇಲೆ ನಿಮ್ಮ ವಿಳಾಸವಿತ್ತು. ಆರ್ಡಿತ್‌ಗೆ ತಿಳಿಯದಂತೆ ಬರೆಯುತ್ತಿದ್ದೇನೆ, ಕ್ಷಮಿಸಿ.

ನಿಮ್ಮ ಪತ್ರ ಓದಿದ ದಿನ ನಾನೂ ಅವಳ ಜೊತೆ ನಕ್ಕೆ. ಆದರೆ ಮಾರನೆಯ ದಿನ ನನ್ನ ಲಂಗದ ಎರಡು ಜೇಬಿಗೂ ಕಾಫಿ ಬೀಜ ಹಾಕಿಕೊಂಡು ಹೋದೆ. ಅವಳ ಎಲೆಗಳನ್ನೂ ನನ್ನ ಎಲೆಗಳನ್ನೂ ಎಣಿಸಿದೆ. ನೀವು ಐದಕ್ಕೆ ಒಂದು ಎಂದಿದ್ದಿರಿ. ಹತ್ತು ಹನ್ನೆರಡಕ್ಕೆ ಒಂದೂ ಕಷ್ಟ. ಲೋಟ ತುಂಬುತ್ತದೆ, ಚೀಲದ ತಳ ಕಾಣುತ್ತದೆ. ನೀವು ಹೇಳಿದ್ದು ಸರಿ.

ಅವಳಿಗೆ ಹೇಳಬೇಕು. ಬಾಯಿ ಬರುತ್ತಿಲ್ಲ. ನಿಮ್ಮಲ್ಲಿ ಸುಳ್ಳು ಹೇಳಿ ಪ್ರಯೋಜನವಿಲ್ಲ, ಆದ್ದರಿಂದ ಕಾರಣ ಹೇಳುತ್ತೇನೆ. ಅವಳನ್ನು ಇಲ್ಲಿ ಹಿಡಿದಿಟ್ಟಿರುವುದು ಆ ಯಂತ್ರ. ಅದು ಸುಳ್ಳು ಎಂದು ತಿಳಿದರೆ ಅವಳು ನಿಮ್ಮಲ್ಲಿಗೆ ಬಂದುಬಿಡುತ್ತಾಳೆ. ನನ್ನ ಯಜಮಾನರು ಹೋದ ಮೇಲೆ ಈ ಮನೆಯ ಮೇಜಿನಲ್ಲಿ ಯಾರೂ ನಕ್ಕಿರಲಿಲ್ಲ. ಬಾಡಿಗೆಯವರು ಬರುತ್ತಾರೆ, ಹೋಗುತ್ತಾರೆ. ಇವಳು ಪಾತ್ರೆ ತೊಳೆಯುತ್ತಾ ಹಾಡುತ್ತಾಳೆ, ರಾಗವೇ ಇಲ್ಲ, ಆದರೂ ಹಾಡುತ್ತಾಳೆ. ನಿಮಗೆ ಗೊತ್ತಿರುತ್ತದೆ.

ನಿಮ್ಮ ಬಗ್ಗೆ ದಿನವೂ ಮಾತಾಡುತ್ತಾಳೆ. "ವೆರ್ಲಾ ಇದ್ದಿದ್ರೆ ಹಿಂಗ್ ಮಾಡ್ತಿದ್ಲು, ವೆರ್ಲಾ ಇದ್ದಿದ್ರೆ ಬಯ್ತಿದ್ಲು" ಅಂತ. ಕೇಳಿ ಕೇಳಿ ನನಗೂ ಒಮ್ಮೊಮ್ಮೆ ಸಂಕಟವಾಗುತ್ತದೆ.

ನಾನು ಏನು ಮಾಡಲಿ? ದಯವಿಟ್ಟು ಬೇಗ ಬರೆಯಿರಿ.

ನಿಮ್ಮ ವಿಶ್ವಾಸಿ
ಸೊರಾಯ್ದಾ


ಸಾನ್ ಹೊಸೆ
30 ಜೂನ್ 1996

ಗೌರವಾನ್ವಿತ ವೆರ್ಲಾ ಅವರಿಗೆ,

ಹಿಂದಿನ ಪತ್ರ ತಲುಪಿತೋ ಇಲ್ಲವೋ ತಿಳಿಯದೆ ಮತ್ತೆ ಬರೆಯುತ್ತಿದ್ದೇನೆ. ನಮ್ಮ ಅಂಚೆ ನಿಧಾನ. ತಲುಪಿರಲಿಕ್ಕಿಲ್ಲ ಎಂದುಕೊಳ್ಳುತ್ತೇನೆ.

ಆರ್ಡಿತ್ ಬ್ಯಾಂಕಿಗೆ ಮತ್ತೆ ಬರೆದಿದ್ದಾಳೆ, ಮೂರನೆಯ ಸಲ. ಈಗ ಹಾಡುವುದಿಲ್ಲ. ನಿನ್ನೆ ನಾನು, "ಇವತ್ತು ಬೇಡ ಬಿಡು, ಮಳೆ ಬರ್ತಿದೆ" ಎಂದೆ. "ಮಳೆ ಬಂದ್ರೆ ಮಷೀನ್ ನೆನೆಯುತ್ತಾ?" ಎಂದು ಒಬ್ಬಳೇ ಹೊರಟುಹೋದಳು. ಕೊಡೆ ತೆಗೆದುಕೊಂಡು ಹಿಂದೆ ಓಡಿದೆ.

ಉತ್ತರ ಕಾಯುತ್ತಿರುವ
ಸೊರಾಯ್ದಾ


ಲಾಸ್ ವೇಗಸ್
9 ಜುಲೈ 1996

ಸೊರಾಯ್ದಾ ಅವರಿಗೆ,

ನಿಮ್ಮ ಮೊದಲ ಪತ್ರ ಮೇ ತಿಂಗಳಲ್ಲೇ ತಲುಪಿತು. ನಿಮ್ಮ ಅಂಚೆಯ ತಪ್ಪೇನಿಲ್ಲ. ನಾನು ಉತ್ತರ ಬರೆಯಲಿಲ್ಲ.

ಕಾಯಿಲೆ ಬಿದ್ದಿರಲಿಲ್ಲ, ಬೇರೆ ಊರಿಗೆ ಹೋಗಿರಲಿಲ್ಲ. ಪತ್ರವನ್ನು ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗೆ ಇಟ್ಟು ದಿನವೂ ಅದರ ಮೇಲಿಂದ ಚಮಚ ತೆಗೆದುಕೊಂಡೆ. ನೀವು ಕಾರಣ ಮುಚ್ಚಿಡಲಿಲ್ಲ, ನಾನೂ ಮುಚ್ಚಿಡುವುದಿಲ್ಲ. ಅವಳ ದುಡ್ಡು ಪೂರ್ತಿ ಮುಗಿದರೆ ಅವಳಿಗೆ ಹೋಗಲು ಬೇರೆ ಜಾಗವಿಲ್ಲ. ಇಲ್ಲಿಗೇ ಬರಬೇಕು. ಬರಿಗೈಯಲ್ಲಿ ಬರುತ್ತಾಳೆ, ನಾಲ್ಕು ದಿನ ಅಳುತ್ತಾಳೆ, ಆಮೇಲೆ ನನ್ನ ಪಕ್ಕದಲ್ಲಿ ಕೂರುತ್ತಾಳೆ. ಅವಳ ಊಟಕ್ಕೆ ನನ್ನ ಪಿಂಚಣಿ ಸಾಕು. ಹೀಗೆಲ್ಲ ಲೆಕ್ಕ ಹಾಕಿದೆ. ಲೆಕ್ಕ ಹಾಕುವುದರಲ್ಲಿ ನಾನು ಗಟ್ಟಿಗಿತ್ತಿ, ಅವಳು ಹೇಳಿರಬಹುದು.

ಅವಳು ಹಾಡುತ್ತಿಲ್ಲ ಎಂದು ಬರೆದಿರಿ. ತನ್ನ ಗಂಡ ತೀರಿಕೊಂಡ ವಾರವೂ ಅವಳು ಹಾಡುವುದನ್ನು ನಿಲ್ಲಿಸಿರಲಿಲ್ಲ. ನಾನು ಎಷ್ಟೋ ಸಲ ಬಾಯಿ ಮುಚ್ಚು ಎಂದಿದ್ದೇನೆ, ಆಗಲೂ ನಿಲ್ಲಿಸಿರಲಿಲ್ಲ.

ನಿಮಗೆ ಅವಳು ಬೇಕು, ನನಗೆ ಅವಳು ಬೇಕು, ಮಧ್ಯೆ ಅವಳ ಕೈ ಬರಿದಾಗುತ್ತಿದೆ. ನೀವೇ ಹೇಳಬೇಕು. ನಾನು ಹೇಳಿದರೆ ಹಟಕ್ಕೆ ಬಿದ್ದು ಇನ್ನೂ ಎರಡು ತಿಂಗಳು ಆಡುತ್ತಾಳೆ. ನಿಮ್ಮ ಮೇಲೆ ಅವಳಿಗೆ ಸಿಟ್ಟಿಲ್ಲ. ನೀವಾಗಿಯೇ ಕಂಡುಹಿಡಿದಿರಿ ಎಂದು ಹೇಳಿ. ನನ್ನ ಹೆಸರು, ಕಾಫಿ ಬೀಜ, ಈ ಪತ್ರ, ಯಾವುದೂ ಅವಳ ಕಿವಿಗೆ ಬೀಳಬಾರದು. ಅವಳು ಬೇಜಾರು ಮಾಡಿಕೊಂಡು ಇಲ್ಲಿಗೆ ಬರಬಹುದು, ಅಥವಾ ನಿಮ್ಮಲ್ಲೇ ಇರಬಹುದು. ಇರುತ್ತಾಳೆ ಎಂದೇ ನನ್ನ ಅಂದಾಜು, ಮತ್ತು ಅದನ್ನು ಬರೆಯುವಾಗ ನನಗೆ ನಿಮ್ಮ ಮೇಲೆ ಏನನ್ನಿಸುತ್ತಿದೆ ಎಂದು ಬರೆಯದಿರುವುದೇ ಮರ್ಯಾದೆ.

ಒಂದು ದಿನವೂ ತಡ ಮಾಡಬೇಡಿ. ಈಗಾಗಲೇ ನಾನು ಮಾಡಿದ್ದು ಸಾಕು.

ವೆರ್ಲಾ


ಸಾನ್ ಹೊಸೆ
3 ಆಗಸ್ಟ್ 1996

ವೆರ್ಲಾ,

ಬರೆಯಬೇಡ ಎಂದವಳು ನಾನೇ, ಈಗ ನಾನೇ ಬರೆಯುತ್ತಿದ್ದೇನೆ. ಬೈಯುವುದಾದರೆ ಪೂರ್ತಿ ಓದಿ ಬೈ.

ಆ ಯಂತ್ರ ಮೋಸದ್ದು. ಕಂಡುಹಿಡಿದವಳು ಸೊರಾಯ್ದಾ. ಒಂದು ದಿನ ನಾನು ಹೊರಡಲು ಚಪ್ಪಲಿ ಮೆಟ್ಟುತ್ತಿದ್ದೆ, ಬಾಗಿಲಿಗೆ ಅಡ್ಡ ನಿಂತಳು. ಕೈಯಲ್ಲಿ ಒಂದು ಇಸ್ಪೀಟು ಕಟ್ಟು, ನಿಜವಾದದ್ದು, ಮೂಲೆ ಹರಿದದ್ದು. "ಕೂತ್ಕೋ. ಇವತ್ತು ನಾನೇ ಮಷೀನು" ಎಂದಳು. ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಆಟೀನ್ ನನ್ನ ಮುಂದಿಟ್ಟಳು, ಐದನೆಯದಾಗಿ ಒಂದು ಕಳಾವರ್. "ಬಿಡು" ಎಂದಳು, ಬಿಟ್ಟೆ. ಮಿಕ್ಕ ಕಟ್ಟು ಕಲಸಿ, "ಎಳಿ" ಎಂದಳು. ಎಳೆದೆ, ಬರಲಿಲ್ಲ. ಮತ್ತೆ ಸೇರಿಸಿ ಕಲಸಿದಳು, ಎಳೆದೆ. ಸುಮಾರು ಹೊತ್ತಿಗೆ ಒಂದು ಆಟೀನ್ ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಮಧ್ಯಾಹ್ನದವರೆಗೆ ಆಡಿಸಿದಳು, ಅನ್ನ ತಣ್ಣಗಾಯಿತು. ಆ ಹೊತ್ತಿಗೆ ನನ್ನ ಕೈಗೆ ಬಂದಷ್ಟು ಆಟೀನ್ ಆ ಹೋಟೆಲಿನಲ್ಲಿ ಒಂದು ತಿಂಗಳಿಗೂ ಬಂದಿರಲಿಲ್ಲ. ನಾನೇ, "ಅಯ್ಯೋ ಸೊರಾಯ್ದಾ, ನಾನೆಂಥ ಕತ್ತೆ" ಎಂದೆ. ಅವಳು ಅತ್ತುಬಿಟ್ಟಳು, ನಾನಲ್ಲ.

ಎಂಥ ಕಣ್ಣು ಅವಳದು ಅಂತೀಯ. ಇಸ್ಪೀಟು ಕಲಿತು ಆರೇ ತಿಂಗಳು. ಯಾರೂ ಹೇಳಿಕೊಡದೆ ತಾನಾಗಿ ಕಂಡುಕೊಂಡಳು.

ನೀನೂ ಹೇಳಿದ್ದೆ, ಮರೆತಿಲ್ಲ. ಆದರೆ ನೀನು ಹೊಟ್ಟೆಕಿಚ್ಚಿಗೆ ಹೇಳಿದೆ, ಅವಳು ನನ್ನ ಮೇಲಿನ ಪ್ರೀತಿಗೆ ಹೇಳಿದಳು. ಕೇಳುವವರಿಗೆ ವ್ಯತ್ಯಾಸ ಗೊತ್ತಾಗುತ್ತದೆ ಕಣೇ.

ದುಡ್ಡು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಉಳಿದಿದೆ. ಅವಳು ಇನ್ನಾರು ತಿಂಗಳು ಸುಮ್ಮನಿದ್ದಿದ್ದರೆ ನಾನು ನಿನ್ನ ಬಾಗಿಲಲ್ಲಿ ಭಿಕ್ಷುಕಿಯಂತೆ ನಿಲ್ಲಬೇಕಿತ್ತು. ಉಳಿದದ್ದರಲ್ಲಿ ಈ ಮನೆಯ ಮಹಡಿ ಸರಿಮಾಡಿಸಿ ಇಬ್ಬರೂ ಸೇರಿ ಕೋಣೆಗಳನ್ನು ನಡೆಸುವುದು ಎಂದು ಮಾತಾಗಿದೆ. ನಾನು ಇಲ್ಲೇ ಇರುತ್ತೇನೆ, ವೆರ್ಲಾ. ಹೇಳುವುದು ಕಷ್ಟವಾಗುತ್ತದೆ ಎಂದುಕೊಂಡಿದ್ದೆ, ಬರೆಯುವುದು ಅಷ್ಟು ಕಷ್ಟವಾಗಲಿಲ್ಲ.

ಒಮ್ಮೆ ಬಾ. ಆಡಲು ಇಲ್ಲಿ ಏನೂ ಇಲ್ಲ, ಆದ್ದರಿಂದ ನೀನು ಬರುವುದಿಲ್ಲ ಅಂತ ಗೊತ್ತು.

ಆರ್ಡಿತ್


ಲಾಸ್ ವೇಗಸ್
18 ಆಗಸ್ಟ್ 1996

ಆರ್ಡಿತ್,

ಪೂರ್ತಿ ಓದಿದೆ. ಬೈಯುವುದಿಲ್ಲ.

ನಿಜವಾದ ಇಸ್ಪೀಟು ಕಟ್ಟು ತೆಗೆದು ಮೇಜಿನ ಮೇಲೆ ತೋರಿಸಿದ್ದು ಒಳ್ಳೆಯ ಯೋಚನೆ. ಅದು ನನಗೆ ಹೊಳೆದಿರಲಿಲ್ಲ. ಹೊಳೆದಿದ್ದರೂ ನಾನು ನಿನ್ನನ್ನು ಮಧ್ಯಾಹ್ನದವರೆಗೆ ಆಡಿಸುವಷ್ಟು ತಾಳ್ಮೆಯಿಂದ ಇರುತ್ತಿರಲಿಲ್ಲ, ಮೂರನೆಯ ಸಲಕ್ಕೇ ಬೈದುಬಿಡುತ್ತಿದ್ದೆ. ಸೊರಾಯ್ದಾ ಗಟ್ಟಿಗಿತ್ತಿ. ಹಾಗಂತ ನಾನು ಹೇಳಿದೆ ಎಂದು ಅವಳಿಗೆ ಹೇಳು.

ಮಹಡಿ ಸರಿಮಾಡಿಸುವಾಗ ಗುತ್ತಿಗೆದಾರನಿಗೆ ಮುಂಗಡ ಪೂರ್ತಿ ಕೊಡಬೇಡ. ನಿನ್ನ ಪೆಟ್ಟಿಗೆಗಳು ಇಲ್ಲಿವೆ, ಚಳಿಗಾಲದ ಬಟ್ಟೆ ನಿನಗೆ ಅಲ್ಲಿ ಬೇಡವಲ್ಲ, ಅವನ್ನು ಚರ್ಚಿಗೆ ಕೊಡುತ್ತೇನೆ. ಮಿಕ್ಕದ್ದು ಹಡಗಿನಲ್ಲಿ ಕಳಿಸುತ್ತೇನೆ. ಗಾಜಿನ ಸಾಮಾನು ಸುತ್ತಲು ಹಳೆಯ ಪತ್ರಿಕೆ ಕೂಡಿಸುತ್ತಿದ್ದೇನೆ.

ನಾನು ಹೊಟ್ಟೆಕಿಚ್ಚಿಗೆ ಹೇಳಿದೆ ಎಂದಿದ್ದೀ. ಹೌದು, ಹೊಟ್ಟೆಕಿಚ್ಚಿಗೇ. ಈಗಲೂ ಇದೆ, ನಿನ್ನ ಪತ್ರ ಓದಿದ ಮೇಲೆ ಜಾಸ್ತಿಯಾಗಿದೆ. ಅವಳ ಜೊತೆ ತಣ್ಣಗಾದ ಅನ್ನ ತಿಂದೆ ಎನ್ನುವುದಕ್ಕೂ ಉರಿಯುತ್ತದೆ ನನಗೆ.

ನಿನ್ನ ಸಂತೋಷ ನೋಡಿ ಸಂತೋಷವಾದರೆ ಮಾತ್ರ ಬರೆ ಎಂದಿದ್ದೆಯಲ್ಲ, ಅದಕ್ಕೆ ಉತ್ತರ ಇಷ್ಟೇ. ನಿನ್ನ ದುಡ್ಡು ಉಳಿದದ್ದಕ್ಕೆ ಸಂತೋಷವಾಗಿದೆ. ನೀನು ಅಲ್ಲೇ ಉಳಿದದ್ದಕ್ಕೆ ಆಗಿಲ್ಲ.

ನಿನ್ನ
ವೆರ್ಲಾ